ಮುಕ್ಕೋನದೊಳಗಿನ ಕವಲುಕೋಲು

ಒಂದು ಉದ್ಯಮವನ್ನೋ ಅದರ ಸರಕನ್ನೋ ಉಳಿದವುಗಳಿಂದ ಬೇರ್ಪಡಿಸಿ ತೋರಿಸುವ ಚಿತ್ರ, ಅಕ್ಷರ ಅಥವಾ ಇವೆರಡರ ಕೂಡಿಕೆಯನ್ನು ಗ್ರಂಥಭಾಷೆ ಲಾಂಛನವೆಂದು ಕರೆಯುತ್ತದೆ. ಪೇಟೆಯ ಮುದ್ರಣಾಲಯಗಳಲ್ಲಿ ಲೋಗೋ ಎಂಬ ಮಾತು ನೆಲೆನಿಂತಿದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ತೋಟಗಳ ಹಳೆಯ ತಲೆಮಾರಿನವರು ಮಾತ್ರ ಅದನ್ನು ಮಾರ್ಕು ಎಂದರು, ಗುರುತು ಎಂದರು. ಮೂರೂ ಒಂದೇ ವಸ್ತುವಿನ ಹೆಸರುಗಳಾದರೂ ಅವುಗಳ ಒಳಗಿನ ನೋಟ ಬೇರೆ ಬೇರೆಯಾಗಿದೆ: ಲಾಂಛನದಲ್ಲಿ ಒಡೆಯನ ಪ್ರತಿಷ್ಠೆಯ ಧ್ವನಿಯಿದ್ದರೆ ಲೋಗೋದಲ್ಲಿ ಮಾರುಕಟ್ಟೆಯ ಧ್ವನಿಯಿದೆ, ಗುರುತು ಎಂಬ ಮಾತಿನಲ್ಲಿಯೋ ಎದುರಿಗೆ ನಿಂತು ನೋಡುವವನ ಕಣ್ಣಿದೆ, ಏಕೆಂದರೆ ಗುರುತಿಸುವವರಿಲ್ಲದೆ ಗುರುತು ಇರಲಾರದು. ಪರಿಣಾಮಕಾರಿಯಾದ ಲಾಂಛನವನ್ನು ರೂಪಿಸುವುದು ಹೇಗೆಂಬ ಪ್ರಶ್ನೆಗೆ ಈ ಸೀಮೆ ಕೊಟ್ಟಿರುವ ಉತ್ತರ ಈ ಮೂರನೆಯ ಮಾತಿನಲ್ಲಿದೆ. ಅದನ್ನು ಇಲ್ಲಿಯೇ ಬಾಲ್ಯದಲ್ಲಿ ಕಂಡಿದ್ದ ಒಬ್ಬ ವಿನ್ಯಾಸಕಾರನಿಗೆ ಅದು ಅರ್ಥವಾಗಲು ನಲವತ್ತು ವರ್ಷಗಳೇ ಬೇಕಾದವು.

ಈಗ ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಯ ಕಡೆಗೂ ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆಗೂ ಸಾಗುವ ರಸ್ತೆಗಳ ಬದಿಯ ಅಂಗಡಿಗಳಲ್ಲಿ ಕಾಫಿಪುಡಿಯ ಪೊಟ್ಟಣಗಳು ಸಾಲಾಗಿ ನಿಂತಿರುತ್ತವೆ, ಮತ್ತು ಅವುಗಳಲ್ಲಿ ಬಹಳಷ್ಟರ ಮೇಲೆ ಒಂದು ಬೆಟ್ಟ, ಒಂದು ಕಾಫಿಬೀಜ, ಆವಿಯಾಡುವ ಒಂದು ಬಟ್ಟಲು ಬೇರೆ ಬೇರೆ ಜೋಡಣೆಯಲ್ಲಿ ಕಾಣಿಸಿಕೊಳ್ಳುತ್ತವೆ. ಅಂತಹುದೇ ಒಂದು ಪೊಟ್ಟಣಕ್ಕೆ ಲಾಂಛನ ಬರೆದುಕೊಡಬೇಕೆಂಬ ಕರೆಯ ಮೇಲೆ ಆ ವಿನ್ಯಾಸಕಾರ ಕಳಸದ ಸಮೀಪದ ತೋಟವೊಂದಕ್ಕೆ ಹೋದಾಗ, ತೋಟದ ಹೊಸ ತಲೆಮಾರು ಹೋಂಸ್ಟೇಯಾಗಿ ಮಾರ್ಪಡಿಸಿದ್ದ ಹಳೆಯ ಗೋದಾಮಿನ ಗೋಡೆಯ ಮೇಲೆ ಕಪ್ಪುಗಟ್ಟಿದ ಒಂದು ತಗಡು ಚೌಕಟ್ಟಿನೊಳಗೆ ತೂಗುತ್ತಿತ್ತು. ತಗಡಿನಲ್ಲಿ ಒಂದು ಮುಕ್ಕೋನವನ್ನೂ ಅದರೊಳಗೆ ಇಂಗ್ಲಿಷಿನ ಕೆ ಅಕ್ಷರವನ್ನೂ ಕೊರೆದಿದ್ದರು. ಅಕ್ಷರದ ಎರಡು ಕವಲುಗಳು ಬಲಕ್ಕೆ ಚಾಚುವ ಬದಲು ಎಡಕ್ಕೆ ಚಾಚಿದ್ದವು. ತಗಡನ್ನು ಹಿಂದುಮುಂದಾಗಿ ತೂಗುಹಾಕಿರುವುದು ಆ ಮನೆಯವರ ಗಮನಕ್ಕೆ ಬಂದಿರಲಿಲ್ಲ. ಅದು ಆ ವಿನ್ಯಾಸಕಾರನ ತಂದೆ ರೈಟರಾಗಿದ್ದ ತೋಟ, ಅಂದರೆ ಆಳುಗಳ ಹಾಜರಿ ಮತ್ತು ಚೀಲಗಳ ಲೆಕ್ಕವನ್ನು ಬರೆಯುವ ಗುಮಾಸ್ತರಾಗಿದ್ದ ತೋಟ. ಹಾಗೆ ತಿರುಗಿ ನಿಂತ ಆ ಅಕ್ಷರವನ್ನು ಅವನು ಬದುಕಿನಲ್ಲಿ ಕಂಡದ್ದು ಅದು ಎರಡನೆಯ ಸಲ.

ತಗಡಿನಲ್ಲಿ ಬೇಕಾದ ಆಕಾರವನ್ನು ಕೊರೆದು ತೆಗೆದು, ಉಳಿದ ತಗಡನ್ನು ಗೋಣಿಚೀಲದ ಮೇಲಿಟ್ಟು, ತೆರಪಿನೊಳಗೆ ಬಣ್ಣ ತಟ್ಟಿ ಗುರುತು ಮೂಡಿಸುವ ವಿಧಾನಕ್ಕೆ ಸ್ಟೆನ್ಸಿಲ್ ಎಂದು ಹೆಸರು. 1970ರ ದಶಕದ ಕೊನೆಯಲ್ಲಿ, ಕೊಯ್ಲು ಮುಗಿದು ಕಣದಲ್ಲಿ ಒಣಗಿದ ಕಾಫಿ ಚೀಲ ತುಂಬುವ ಹೊತ್ತಿಗೆ, ಅಂದರೆ ಸುಮಾರಾಗಿ ಡಿಸೆಂಬರಿನಿಂದ ಮಾರ್ಚಿನವರೆಗೆ, ಆ ತೋಟದ ಗೋದಾಮಿನಲ್ಲಿ ಈ ಕೆಲಸ ನಡೆಯುತ್ತಿತ್ತು. ದಬ್ಬಣದಲ್ಲಿ ಬಾಯಿ ಹೊಲಿದ ಚೀಲಗಳನ್ನು ಮಲಗಿಸಿ, ಗಿಡ್ಡಗೂದಲಿನ ಬ್ರಷ್ಷನ್ನು ಕಪ್ಪುಬಣ್ಣದಲ್ಲಿ ಅದ್ದಿ, ಅರ್ಧ ಬಣ್ಣವನ್ನು ಹಳೆಯ ಗೋಣಿಯ ಮೇಲೆ ಒರೆಸಿ ಕಳೆದು, ಉಳಿದದ್ದನ್ನು ನೆಟ್ಟಗೆ ತಟ್ಟಬೇಕಾಗಿತ್ತು. ಬ್ರಷ್ಷನ್ನು ಎಳೆದರೆ ಬಣ್ಣ ತಗಡಿನ ಅಡಿಗೆ ನುಗ್ಗಿ ಅಂಚು ಹರಡುತ್ತಿತ್ತು. ಗೋಣಿಯ ನೇಯ್ಗೆ ಒರಟಾದುದರಿಂದ ತೆಳುಗೆರೆ ಅದರ ಮೇಲೆ ನಿಲ್ಲದು, ಎರಡು ಗೆರೆಗಳ ನಡುವಿನ ತೆರಪು ಕಿರಿದಾದರೆ ಅವು ಕೂಡಿಕೊಂಡುಬಿಡುವುವು. ಒಳಗೆ ಮುಚ್ಚಿದ ಬಯಲುಳ್ಳ ಅಕ್ಷರಗಳದು ಇನ್ನೊಂದು ತೊಡಕು: ರ ಅಕ್ಷರವನ್ನೋ ಅನುಸ್ವಾರದ ಸೊನ್ನೆಯನ್ನೋ ತಗಡಿನಲ್ಲಿ ಕೊರೆದರೆ ನಡುವಿನ ತುಂಡು ಕಳಚಿ ಬೀಳುವುದರಿಂದ, ಅದನ್ನು ಹಿಡಿದಿಡಲು ಅಲ್ಲಲ್ಲಿ ತಗಡಿನ ಸಣ್ಣ ಪಟ್ಟಿಗಳನ್ನು ಸೇತುವೆಯಂತೆ ಉಳಿಸಬೇಕಾಗುತ್ತದೆ. ದುಂಡುದುಂಡಾದ ಕನ್ನಡ ಲಿಪಿಗೆ ಇಂತಹ ಸೇತುವೆಗಳು ಹೆಚ್ಚು ಬೇಕು; ಆಂಗ್ಲ ತೋಟಗಾರರಿಂದ ಬಂದ ರೂಢಿಯ ಜೊತೆಗೆ ಈ ಕಷ್ಟವೂ ಸೇರಿ, ಕನ್ನಡಿಗರ ಆ ತೋಟದ ಚೀಲದ ಮೇಲೆಯೂ ಇಂಗ್ಲಿಷಿನ ಒಂದಕ್ಷರವೇ ಉಳಿದಿತ್ತು.

ಈ ಕೆಲಸವನ್ನು ಮಾಡುತ್ತಿದ್ದವನು ಘಟ್ಟದ ಕೆಳಗಿನಿಂದ ಬಂದ, ತುಳು ಮನೆಮಾತಿನ, ಓದುಬರಹ ಕಲಿಯದ ಒಬ್ಬ ಹಿರಿಯ ಆಳು. ಲೈನಿನ ಮಂದಿ, ಅಂದರೆ ತೋಟದ ಕೂಲಿಮನೆಗಳ ಸಾಲಿನಲ್ಲಿ ವಾಸಿಸುವವರು, ಅವನನ್ನು ಮಾರ್ಕಿನವನೆಂದೇ ಕರೆಯುತ್ತಿದ್ದರು. ಶಾಲೆಯ ರಜೆಯಲ್ಲಿ ಗೋದಾಮಿಗೆ ಬಂದು ಕೂರುತ್ತಿದ್ದ ರೈಟರ ಮಗ ಒಮ್ಮೆ ಆ ಅಕ್ಷರದ ಹೆಸರನ್ನು ಹೇಳಿದಾಗ ಅವನು ಕೆಲಸ ನಿಲ್ಲಿಸಿ, "ಹೌದಾ ಅಪ್ಪಿ? ನಾನು ಇದನ್ನು ಕವಲುಕೋಲು ಅಂತ ತಿಳ್ಕೊಂಡಿದ್ದೆ" ಎಂದಿದ್ದನು. ನೆಟ್ಟಗಿನ ಒಂದು ಕೋಲಿಗೆ ಎರಡು ಕವಲು. ಅವನ ಪಾಲಿಗೆ ಅದು ಧ್ವನಿಯಿಲ್ಲದ, ಆಕಾರ ಮಾತ್ರವಿರುವ ವಸ್ತುವಾಗಿತ್ತು. ಅಕ್ಷರದ ಗರ್ವ ಹೊಸದಾಗಿದ್ದ ಹುಡುಗನಿಗೆ ಆ ಮಾತು ಅಜ್ಞಾನವೆಂದು ತೋರಿತು, ಅದು ಒಂದು ಜ್ಞಾನವೆಂದು ತಿಳಿಯುವ ವಯಸ್ಸು ಅದಾಗಿರಲಿಲ್ಲ.

ಆ ಸುಗ್ಗಿಯಲ್ಲಿಯೇ ಒಂದು ಸಂಜೆ, ಎರಡೂ ಮುಖಗಳು ಬಣ್ಣ ಹತ್ತಿ ಒಂದೇ ಆಗಿದ್ದ ತಗಡನ್ನು ಅವನು ಮಂದ ಬೆಳಕಿನಲ್ಲಿ ಅಡಿಮೇಲಾಗಿಸಿ ಇಟ್ಟುಕೊಂಡು ಮೂವತ್ತಕ್ಕೂ ಹೆಚ್ಚು ಚೀಲಗಳ ಮೇಲೆ ಗುರುತು ತಟ್ಟಿಬಿಟ್ಟನು, ಮತ್ತು ಮುಕ್ಕೋನ ಹೇಗಿಟ್ಟರೂ ಮುಕ್ಕೋನವೇ ಆದುದರಿಂದ ತಪ್ಪು ಅವನ ಕಣ್ಣಿಗೆ ಬೀಳಲಿಲ್ಲ. ಮೊದಲು ಕಂಡವನು ರೈಟರ ಮಗ. ಅವನು ಎಲ್ಲರಿಗೂ ಕೇಳುವಂತೆ ನಕ್ಕನು, ಆ ನಗೆಯಿಂದಾಗಿ ವಿಷಯ ತಂದೆಯ ಕಿವಿಗೆ ಬಿತ್ತು, ತಂದೆ ಹಾಜರಿ ಪುಸ್ತಕದಲ್ಲಿ ಅರ್ಧ ದಿನದ ಕೂಲಿಯನ್ನು ಕಡಿದು ಬರೆದರು. ಹೊಸ ಗೋಣಿಗಳಿಗೆ ಕಾಫಿಯನ್ನು ಬದಲಾಯಿಸಲು ವ್ಯವಧಾನವಿಲ್ಲದೆ ಲಾರಿ ಅದೇ ಚೀಲಗಳನ್ನು ಹೇರಿಕೊಂಡು ಕ್ಯೂರಿಂಗ್ ವರ್ಕ್ಸಿಗೆ, ಅಂದರೆ ಒಣಕಾಫಿಯ ಹೊಟ್ಟು ತೆಗೆದು ಬೀಜವನ್ನು ಗಾತ್ರಕ್ಕನುಸಾರ ವಿಂಗಡಿಸುವ ಕಾರ್ಖಾನೆಗೆ ಹೊರಟಿತು. ಲಾರಿಯ ಜೊತೆ ಹೋಗಿದ್ದ ಹುಡುಗ ಅಲ್ಲಿ ಕಂಡದ್ದು, ಹತ್ತಾರು ತೋಟಗಳ ಚೀಲಗಳ ನಡುವೆ ಹಮಾಲಿಗಳು ಆ ಚೀಲಗಳನ್ನು ಒಂದಿಷ್ಟೂ ತಡವರಿಸದೆ ಆ ತೋಟದ ಅಟ್ಟಿಗೆ ಸೇರಿಸಿದ್ದನ್ನು. ಅಕ್ಷರ ತಿರುಗಿದೆಯಲ್ಲವೇ ಎಂದು ಅವನು ಕೇಳಿದ್ದಕ್ಕೆ ಒಬ್ಬನು, "ಇತ್ಲಾಗಿ ತಿರುಗಿದ್ರೂ ಮುಕ್ಕೋನದ ತೋಟದ್ದೇ ಅಲ್ವಾ?" ಎಂದು ಚೀಲ ಹೊತ್ತು ನಡೆದನು. ತಪ್ಪಾಗಿ ಮೂಡಿದಾಗಲೂ ಕೆಲಸ ಮಾಡಿದ ಆ ಗುರುತು ಎಷ್ಟು ಗಟ್ಟಿಯಾದುದೆಂಬುದು ಆ ದಿನವೇ ರುಜುವಾತಾಗಿತ್ತು; ಆದರೆ ಕಡಿದ ಕೂಲಿಯನ್ನು ಮರಳಿ ಬರೆಯಬೇಕೆಂದು ತಂದೆಗೆ ಹೇಳುವ ಆಲೋಚನೆ ಮಗನಿಗೆ ಬರಲಿಲ್ಲ.

ಓದಲು ಬಾರದವರ ಕಣ್ಣಿಗಾಗಿ ಗುರುತನ್ನು ರೂಪಿಸುವ ವಿದ್ಯೆ ಆ ದಿನಗಳಲ್ಲಿ ಈ ಸೀಮೆಯ ಗೋಡೆಗಳ ಮೇಲೆಲ್ಲ ಇತ್ತು. ಕುಟುಂಬ ಯೋಜನೆಯ ಕೆಂಪು ತ್ರಿಕೋನ ಆಸ್ಪತ್ರೆಯ ಗೋಡೆಯಿಂದ ಬಸ್ಸಿನ ಬೆನ್ನಿನವರೆಗೆ ಹರಡಿತ್ತು. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿಯವರು ಸ್ಪರ್ಧಿಸಿ ಗೆದ್ದ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಯಲ್ಲಿ ಅವರ ಪಕ್ಷ ಅದೇ ವರ್ಷ ಪಡೆದ ಕೈ ಒಂದೆಡೆಯಾದರೆ, ಜನತಾ ಪಕ್ಷದ ಚಕ್ರದೊಳಗಿನ ನೇಗಿಲು ಹೊತ್ತ ರೈತ ಇನ್ನೊಂದೆಡೆ. ರಾಜಕೀಯದ ಗೆಲುವು ಸೋಲುಗಳಿಗೆ ಬೇರೆ ಕಾರಣಗಳಿರುತ್ತವೆ. ರೇಖೆಯ ದೃಷ್ಟಿಯಿಂದ ನೋಡಿದರೆ, ಚಕ್ರದೊಳಗಿನ ರೈತನನ್ನು ಗೋಡೆಯ ಮೇಲೆ ತರಲು ನುರಿತ ಚಿತ್ರಗಾರ ಬೇಕು, ಅಂಗೈಯನ್ನಾದರೆ ಸುಣ್ಣದಲ್ಲಿ ಅದ್ದಿ ಒತ್ತಿದರೂ ಸಾಕು. ಚುನಾವಣೆಯ ಚಿಹ್ನೆಯನ್ನೂ ಚೀಲದ ಮಾರ್ಕನ್ನೂ ಕನ್ನಡ ಜನ ಗುರುತು ಎಂಬ ಒಂದೇ ಮಾತಿನಿಂದ ಕರೆದದ್ದು ಆಕಸ್ಮಿಕವಲ್ಲ, ಏಕೆಂದರೆ ಎರಡಕ್ಕೂ ಇದ್ದ ಪರೀಕ್ಷೆ ಒಂದೇ: ನೆನಪಿನಿಂದ ನೆಲದ ಮೇಲೆ ಬೆರಳಿನಲ್ಲಿ ಬರೆದು ತೋರಿಸಲು ಸಾಧ್ಯವೇ?

ಅಷ್ಟಾಗಿಯೂ ತೋಟದ ಗುರುತಿಗೆ ಆಗ ದೀರ್ಘಾಯುಷ್ಯವಿರಲಿಲ್ಲ. 1942ರ ಕಾಫಿ ಕಾಯ್ದೆಯ ಅಡಿಯಲ್ಲಿ ಕಾಫಿ ಮಂಡಳಿ ನಡೆಸುತ್ತಿದ್ದ ಪೂಲ್ ವ್ಯವಸ್ಥೆಯಲ್ಲಿ ಬೆಳೆಗಾರ ತನ್ನ ಕಾಫಿಯನ್ನು ಮಂಡಳಿಯ ಒಟ್ಟು ಸಂಗ್ರಹಕ್ಕೆ ಒಪ್ಪಿಸಿ, ಹಣವನ್ನು ಕಂತುಗಳಲ್ಲಿ ಪಡೆಯುತ್ತಿದ್ದನು. ಪೂಲ್ ಎಂದರೆ ಎಲ್ಲರ ಬೆಳೆಯನ್ನು ಒಂದಾಗಿ ಕೂಡಿಸಿ ಮಾರುವ ಏರ್ಪಾಡು. ಕ್ಯೂರಿಂಗ್ ವರ್ಕ್ಸಿನಲ್ಲಿ ಎ, ಬಿ, ಸಿ, ಒಂಟಿಬೀಜದ ಪೀಬೆರಿ ಎಂದು ವಿಂಗಡಣೆಯಾದ ಮೇಲೆ ಮುಕ್ಕೋನದ ತೋಟದ ಕಾಫಿಗೂ ಮಗ್ಗುಲು ತೋಟದ ಕಾಫಿಗೂ ಹೆಸರಿನ ಭೇದ ಉಳಿಯುತ್ತಿರಲಿಲ್ಲ, ಕುಡಿಯುವವನಿಗೆ ತೋಟದ ಗುರುತು ತಲುಪುತ್ತಲೇ ಇರಲಿಲ್ಲ. ಈ ವ್ಯವಸ್ಥೆ ಬೆಲೆಕುಸಿತದಿಂದ ಬೆಳೆಗಾರನನ್ನು ಬಹುಕಾಲ ಕಾಪಾಡಿದ್ದೂ ನಿಜ, ಒಳ್ಳೆಯ ಕಾಫಿ ಬೆಳೆದವನ ಹೆಸರನ್ನು ಅಳಿಸಿದ್ದೂ ನಿಜ. 1992ರಿಂದ ಹಂತಹಂತವಾಗಿ ಸಡಿಲಗೊಂಡ ಈ ಕಟ್ಟು 1996ರಲ್ಲಿ ಪೂರ್ತಿಯಾಗಿ ಕಳಚಿದಾಗ, ತನ್ನ ಕಾಫಿಯನ್ನು ತಾನೇ ಮಾರಬಹುದಾದ ಬೆಳೆಗಾರನಿಗೆ ಗ್ರಾಹಕನ ಮುಂದೆ ನಿಲ್ಲುವ ಒಂದು ಗುರುತು ಬೇಕಾಯಿತು.

ಅಷ್ಟರಲ್ಲಿ ರೈಟರ ಮಗ ಚಿಕ್ಕಮಗಳೂರಿನ ಬೋರ್ಡು ಬರೆಯುವ ಅಂಗಡಿಯೊಂದರಲ್ಲಿ ಹತ್ತು ವರ್ಷ ದುಡಿದು, ಅಕ್ಷರಗಳ ಮೈಕಟ್ಟನ್ನು ಕಲಿತು, ಸ್ವಂತ ಕೆಲಸ ಹಿಡಿದಿದ್ದನು. ಊರಿನ ಹೆಸರನ್ನೇ ಕನ್ನಡದಲ್ಲಿ ಬರೆಯುವುದು ಅಲ್ಲಿ ಹೊಸಬರಿಗೆ ಕೊಡುತ್ತಿದ್ದ ಪರೀಕ್ಷೆಯಾಗಿತ್ತು: ಕಕಾರದ ಒತ್ತು ಸಾಲಿನಿಂದ ಕೆಳಗಿಳಿಯುತ್ತದೆ, ಗುಡಿಸು ಮೇಲಕ್ಕೇರುತ್ತದೆ, ಳೂ ಎಂಬಲ್ಲಿ ಕೊಂಬು ಅಡ್ಡಕ್ಕೆ ಚಾಚುತ್ತದೆ, ಇಷ್ಟನ್ನೂ ಸರಿದೂಗಿಸದಿದ್ದರೆ ಹೆಸರು ಒಂದು ಮಗ್ಗುಲಿಗೆ ವಾಲಿದಂತೆ ಕಾಣುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳನ್ನು ಎರಡು ಗೆರೆಗಳ ನಡುವೆ ಕೂರಿಸಿದಂತೆ ಕನ್ನಡವನ್ನು ಕೂರಿಸಲು ಹೋದವರ ಬೋರ್ಡಿನಲ್ಲಿ ಒತ್ತಕ್ಷರಗಳು ಇರುವೆಯಂತೆ ಸಣ್ಣಗಾಗುತ್ತಿದ್ದವು. ಕನ್ನಡದ ಲಾಂಛನಕ್ಕೆ ಕೆಳಗೆ ಮೇಲೆ ಜಾಗ ಬಿಟ್ಟೇ ಯೋಜಿಸಬೇಕೆಂಬ, ಒತ್ತನ್ನು ಹೊರೆಯೆಂದು ತಿಳಿಯದೆ ಆಕಾರದ ಬಲವನ್ನಾಗಿ ಬಳಸಬೇಕೆಂಬ ಪಾಠವನ್ನು ಅವನು ಅಲ್ಲಿಯ ಹಿರಿಯ ಕಲಾವಿದನಿಂದ ಪಡೆದನು, ಮತ್ತು ಆ ಋಣವನ್ನು ಇಂದಿಗೂ ನೆನೆಯುತ್ತಾನೆ.

1997ರ ಸುಮಾರಿಗೆ ಮೂಡಿಗೆರೆಯ ಕಡೆಯ ಬೆಳೆಗಾರರೊಬ್ಬರು ತಮ್ಮ ಕಾಫಿಪುಡಿಗೆ ಲಾಂಛನ ಬೇಕೆಂದು ಕೇಳಿದಾಗ ಅವನು ಬರೆದುಕೊಟ್ಟ ಚಿತ್ರದಲ್ಲಿ ಮೂರು ಬೆಟ್ಟಗಳಿದ್ದವು, ಅವುಗಳ ನಡುವೆ ಸೂರ್ಯೋದಯವಿತ್ತು, ಒಂದು ಹೊಳೆ, ಸಿಲ್ವರ್ ಓಕ್ ಮರಗಳು, ಹಣ್ಣು ತೊನೆಯುವ ಗಿಡ, ಗಿಡದ ಪಕ್ಕದಲ್ಲಿ ಬುಟ್ಟಿ ಹಿಡಿದು ಮುಗುಳ್ನಗುವ ಹೆಣ್ಣಾಳು, ಇವೆಲ್ಲವನ್ನೂ ಸುತ್ತುವ ಬಳ್ಳಿಯ ಅಂಚು ಇದ್ದವು. ಬೆಳೆಗಾರರು ಮೆಚ್ಚಿದರು, ಅವನೂ ಅದನ್ನು ತನ್ನ ಶ್ರೇಷ್ಠ ಕೆಲಸವೆಂದು ನಂಬಿದನು. ಕಾಲು ಕೆಜಿ ಪೊಟ್ಟಣಕ್ಕೆ ಚಿತ್ರವನ್ನು ಕಿರಿದಾಗಿಸಿದಾಗ ಹೊಳೆ ಬಿರುಕಿನಂತೆ ಕಂಡಿತು, ರಸೀದಿ ಪುಸ್ತಕದಲ್ಲಿ ಒಂದೇ ಬಣ್ಣದಲ್ಲಿ ಅಚ್ಚಾದಾಗ ಬೆಟ್ಟವೂ ಸೂರ್ಯನೂ ಬೆರೆತು ಕಪ್ಪು ಕಲೆಯಾದವು, ಚೀಲದ ಮೇಲಂತೂ ಅದನ್ನು ಮೂಡಿಸಲು ಸಾಧ್ಯವೇ ಆಗಲಿಲ್ಲ. ಅಂಗಡಿಗೆ ಬಂದವರು ಅದನ್ನು ಹಳದಿ ಪ್ಯಾಕೆಟ್ ಎಂದು ಕೇಳುತ್ತಿದ್ದರು, ಅಂದರೆ ಇಷ್ಟೆಲ್ಲ ಚಿತ್ರದಲ್ಲಿ ಜನ ನೆನಪಿಟ್ಟುಕೊಂಡದ್ದು ಚಿತ್ರದ ಹಿಂದಿನ ಬಣ್ಣವೊಂದನ್ನೇ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಜಗತ್ತಿನಾದ್ಯಂತ ಕಾಫಿ ಬೆಲೆ ಕುಸಿದಾಗ ಆ ಪುಡಿಯ ವ್ಯಾಪಾರ ನಿಂತುಹೋಯಿತು. ನಿಂತದ್ದು ಲಾಂಛನದಿಂದಲ್ಲವಾದರೂ, ಸಂಕಟದ ದಿನಗಳಲ್ಲಿ ಗ್ರಾಹಕನನ್ನು ಹಿಡಿದಿಡುವ ನೆನಪೊಂದನ್ನು ಆ ಲಾಂಛನ ಕಟ್ಟಿಕೊಟ್ಟಿರಲಿಲ್ಲ ಎಂಬುದನ್ನು ಅದನ್ನು ಬರೆದವನು ಒಪ್ಪಿಕೊಳ್ಳಲೇಬೇಕಾಗಿದೆ.

ಗಾತ್ರ ಮತ್ತು ಬಣ್ಣದ ತಪ್ಪುಗಳಿಗಿಂತ ಆಳವಾದ ತಪ್ಪು ಆ ಹೆಣ್ಣಾಳಿನ ಚಿತ್ರದಲ್ಲಿತ್ತು. ಸೊಂಟಕ್ಕೆ ಗೋಣಿ ಕಟ್ಟಿಕೊಂಡು, ಇಬ್ಬನಿಗೆ ತೊಯ್ದ ಗಿಡಗಳ ನಡುವೆ ಕೊಂಬೆ ಬಗ್ಗಿಸಿ, ಕುತ್ತಿಗೆಯೊಳಗಿಳಿದ ಚಗಳಿ ಇರುವೆಗಳನ್ನು ಕಿತ್ತೆಸೆಯುತ್ತ ಹಣ್ಣು ಬಿಡಿಸುವ ಹೆಂಗಸರನ್ನು ಬಾಲ್ಯವಿಡೀ ಕಂಡವನು, ಹೂ ಮುಡಿದು ನಗುವ ಹೆಣ್ಣೊಂದನ್ನು ಪೊಟ್ಟಣದ ಅಲಂಕಾರಕ್ಕೆ ಬರೆದನು. ಕೊಂಡವರಿಗೆ ಅದು ಹಿತವಾಗಿತ್ತು, ಆದರೆ ದುಡಿದವರಾರೂ ಅದರಲ್ಲಿ ತಮ್ಮನ್ನು ಗುರುತಿಸಿಕೊಳ್ಳಲಾರರಾಗಿದ್ದರು. ಕೊಲಂಬಿಯಾದ ಕಾಫಿ ಬೆಳೆಗಾರರ ಒಕ್ಕೂಟ 1959ರಲ್ಲಿ ಹ್ವಾನ್ ವಾಲ್ಡೆಸ್ ಎಂಬ ಕಾಲ್ಪನಿಕ ರೈತನನ್ನು ಮುಂದಿಟ್ಟು, ಮುಂದೆ ಅವನನ್ನೂ ಅವನ ಹೇಸರಗತ್ತೆಯನ್ನೂ ಹಿಂದಿನ ಬೆಟ್ಟಗಳನ್ನೂ ಲಾಂಛನವಾಗಿಸಿ ಜಗತ್ತನ್ನು ಗೆದ್ದದ್ದುಂಟು. ಅಲ್ಲಿ ಆ ಚಿತ್ರದ ಒಡೆತನ ಬೆಳೆಗಾರರ ಸಂಘಟನೆಯದೇ ಆಗಿತ್ತು. ಒಬ್ಬರ ಮುಖವನ್ನು ಇನ್ನೊಬ್ಬರ ಸರಕಿಗೆ ಅಂಟಿಸುವ ಮುನ್ನ ಆ ಮುಖಕ್ಕೆ ಅದರಲ್ಲಿ ಪಾಲೇನೆಂದು ಕೇಳಿಕೊಳ್ಳುವುದೂ ವಿನ್ಯಾಸದ ಭಾಗವೇ ಆಗಿದೆ.

ಲಾಂಛನವು ಸರಕಿನ ಚಿತ್ರವಾಗಿರಬೇಕೆಂಬ ನಂಬಿಕೆಯನ್ನು ಕರ್ನಾಟಕದ ಗಟ್ಟಿ ಲಾಂಛನಗಳೇ ಅಲ್ಲಗಳೆಯುತ್ತವೆ. ಮೈಸೂರು ಸ್ಯಾಂಡಲ್ ಸಾಬೂನಿನದು ಆನೆಯ ತಲೆಯೂ ಸಿಂಹದ ಒಡಲೂ ಉಳ್ಳ ಶರಭ. ಅದರಲ್ಲಿ ಗಂಧದ ಮರವೂ ಇಲ್ಲ, ನೊರೆಯೂ ಇಲ್ಲ, ಆದರೂ ಶರಭವನ್ನು ಕಂಡೊಡನೆ ಗಂಧದ ಕಂಪು ನೆನಪಾಗುವಷ್ಟು ಕಾಲ ಸಾಬೂನು ತನ್ನ ಮಾತನ್ನು ಉಳಿಸಿಕೊಂಡಿತು. ಚಿಕ್ಕಮಗಳೂರಿನ ಕಾಫಿ ಮನೆತನದಿಂದ ಬಂದ ವಿ. ಜಿ. ಸಿದ್ಧಾರ್ಥ ಅವರು 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಮಳಿಗೆ ತೆರೆದ ಕೆಫೆ ಕಾಫಿ ಡೇ, 2009ರಲ್ಲಿ ಮಾತಿನ ಗುಳ್ಳೆಯ ಆಕಾರದ ಕೆಂಪು ಚೌಕದೊಳಗೆ ತನ್ನ ಹೆಸರನ್ನಿಟ್ಟಿತು. ಮಾತಿನ ಗುಳ್ಳೆಯೆಂದರೆ ವ್ಯಂಗ್ಯಚಿತ್ರಗಳಲ್ಲಿ ಪಾತ್ರದ ಮಾತನ್ನು ಸುತ್ತುವರಿಯುವ ಗೆರೆ. ಬೆಟ್ಟಗಳ ನಡುವೆ ಹುಟ್ಟಿದ ಉದ್ಯಮ ಬೆಟ್ಟವನ್ನು ಬಿಟ್ಟು, ಕಾಫಿಯ ಮುಂದೆ ಕುಳಿತವರು ಮಾಡುವ ಕೆಲಸವನ್ನು, ಅಂದರೆ ಹರಟೆಯನ್ನು ಆರಿಸಿಕೊಂಡದ್ದು ಗಮನಾರ್ಹ. ಕರ್ನಾಟಕದಾಚೆಯೂ ಮಾತು ಬೇರೆಯಲ್ಲ: ಬ್ರಿಟನ್ನಿನ ನೋಂದಣಿಯಲ್ಲಿ 1876ರಲ್ಲಿ ಮೊದಲನೆಯದಾಗಿ ದಾಖಲಾದ ವ್ಯಾಪಾರ ಚಿಹ್ನೆ ಬಾಸ್ ಎಂಬ ಬಿಯರ್ ಕಂಪನಿಯ ಕೆಂಪು ಮುಕ್ಕೋನವಾಗಿತ್ತು. ಆಕಾರದಲ್ಲಿ ಮೊದಲೇ ಅರ್ಥ ತುಂಬಿರಬೇಕಾಗಿಲ್ಲ. ಅದು ನೆನಪಿನಲ್ಲಿ ನಿಲ್ಲುವಷ್ಟು ಸರಳವೂ ಬೇರೆಯವರದಕ್ಕಿಂತ ಭಿನ್ನವೂ ಆಗಿದ್ದರೆ ಸಾಕು, ಅರ್ಥವನ್ನು ಸರಕು ವರ್ಷವರ್ಷವೂ ಅದರೊಳಗೆ ತುಂಬುತ್ತ ಹೋಗುತ್ತದೆ.

ಭಿನ್ನತೆಯ ಈ ಮಾತಿಗೆ ಕಾನೂನಿನ ಬೆಂಬಲವೂ ಇದೆ. 2003ರ ಸೆಪ್ಟೆಂಬರ್ 15ರಿಂದ ಜಾರಿಯಲ್ಲಿರುವ 1999ರ ವ್ಯಾಪಾರ ಚಿಹ್ನೆಗಳ ಕಾಯ್ದೆಯಂತೆ ನೋಂದಣಿಗೆ ಹತ್ತು ವರ್ಷದ ಅವಧಿಯಿದ್ದು ಅದನ್ನು ನವೀಕರಿಸುತ್ತ ಹೋಗಬಹುದು. ಆದರೆ ಸರಕು ಎಲ್ಲಿಯದೆಂದು ಮಾತ್ರ ತಿಳಿಸುವ ಊರಿನ ಹೆಸರು ಸಾಮಾನ್ಯವಾಗಿ ಒಬ್ಬನ ಸ್ವತ್ತಾಗಲಾರದು. ಊರಿನ ಹೆಸರನ್ನು ಕಾಪಾಡುವುದು ಭೌಗೋಳಿಕ ಸೂಚಕವೆಂಬ ಬೇರೊಂದು ಹಕ್ಕು: ಒಂದು ಸೀಮೆಯ ಗುಣವಿಶೇಷದಿಂದ ಹೆಸರಾದ ಸರಕಿನ ಮೇಲೆ ಆ ಸೀಮೆಯ ಉತ್ಪಾದಕರೆಲ್ಲರಿಗೂ ಸೇರುವ ಹಕ್ಕು ಅದು. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಕೊಡಗು ಅರೇಬಿಕಾ, ವಯನಾಡು ರೊಬಸ್ಟಾ, ಅರಕು ಕಣಿವೆ ಅರೇಬಿಕಾ ಎಂಬ ಐದು ಕಾಫಿಗಳಿಗೆ ಈ ಮನ್ನಣೆ ದೊರೆಯಿತು. ಚಿಕ್ಕಮಗಳೂರು ಎಂಬ ಹೆಸರು ಹೇಗೆ ಎಲ್ಲ ಬೆಳೆಗಾರರದೋ ಹಾಗೆಯೇ ಬೆಟ್ಟ, ಬೀಜ, ಬಟ್ಟಲುಗಳೂ ಎಲ್ಲರವು. ಅವುಗಳನ್ನು ಬರೆದವನು ತಾನು ಕಾಫಿಯವನೆಂದು ಹೇಳಿದಂತಾಯಿತೇ ಹೊರತು ಯಾವ ಕಾಫಿಯವನೆಂದು ಹೇಳಿದಂತಾಗಲಿಲ್ಲ.

ಕಳಸದ ಆ ತೋಟಕ್ಕೆ ಹೋಗುವಾಗ ವಿನ್ಯಾಸಕಾರನ ಲ್ಯಾಪ್‌ಟಾಪಿನಲ್ಲಿ ನಾಲ್ಕು ಹೊಸ ಕರಡುಗಳಿದ್ದವು. ಅವುಗಳನ್ನು ತೆರೆಯದೆ ಅವನು ಗೋಡೆಯ ತಗಡನ್ನು ಇಳಿಸಿಕೊಡಬೇಕೆಂದು ಕೇಳಿ, ಅಡುಗೆಮನೆಯಿಂದ ಬಂದ ಒಂದು ಗೋಣಿಯ ಮೇಲೆ ಅದನ್ನಿಟ್ಟು, ಬಣ್ಣ ತಟ್ಟಿ ತೋರಿಸಿದನು. ಮನೆಯವರು ಅದನ್ನು ಹತ್ತಾರು ಮಾರು ದೂರದ ಕಣದಿಂದ ನೋಡಿದರು, ಬೆರಳುಗುರಿನ ಗಾತ್ರಕ್ಕೆ ಇಳಿಸಿ ಫೋನಿನ ತೆರೆಯ ಮೇಲೆ ನೋಡಿದರು, ಎರಡರಲ್ಲಿಯೂ ಅದು ಕೆಡದೆ ನಿಂತಿತು. ಒಂದು ವಾರದ ಚರ್ಚೆಯ ನಂತರ ಆ ಮುಕ್ಕೋನವೇ, ಗೆರೆಯ ದಪ್ಪವನ್ನು ಸ್ವಲ್ಪ ಸರಿಪಡಿಸಿಕೊಂಡು, ತೋಟದ ಹೆಸರನ್ನು ಕೆಳಗೆ ಕನ್ನಡದಲ್ಲಿ ಒತ್ತಕ್ಷರಕ್ಕೆ ಸಾಕಷ್ಟು ಜಾಗ ಬಿಟ್ಟು ಬರೆಸಿಕೊಂಡು, ಹೊಸ ಪೊಟ್ಟಣದ ಲಾಂಛನವಾಯಿತು. ಅಂದಿನಿಂದ ಅವನು ಯಾವ ಲಾಂಛನವನ್ನು ಬರೆದರೂ ಒಪ್ಪಿಸುವ ಮುನ್ನ ದಪ್ಪ ರಟ್ಟಿನಲ್ಲಿ ಕೊರೆದು, ಗೋಣಿಯ ಮೇಲೆ ತಟ್ಟಿ, ಆಮೇಲೆ ರಟ್ಟನ್ನು ಮಗುಚಿ ಇನ್ನೊಮ್ಮೆ ತಟ್ಟಿ ನೋಡುತ್ತಾನೆ. ಮಗುಚಿದಾಗಲೂ ಅದೇ ತೋಟದ್ದೆಂದು ತಿಳಿಯದ ಆಕಾರವನ್ನು ತಿದ್ದುತ್ತಾನೆ.

ಲಾಂಛನವನ್ನು ಒಪ್ಪಿಸುವಾಗ ಅದರ ಅಳತೆ, ಬಣ್ಣ, ಬಳಕೆಯ ಕ್ರಮವನ್ನು ವಿವರಿಸುವ ಹಾಳೆಗಳನ್ನು ಜೊತೆಗಿಡುವುದು ಈ ಕಸುಬಿನ ರೂಢಿ. ಆ ಹಾಳೆಗಳಲ್ಲಿ ಗುರುತಿನ ಚರಿತ್ರೆಯನ್ನೂ ಬರೆಯಬೇಕೆಂದು ಅವನು ತಂದೆಯ ಹಳೆಯ ಹಾಜರಿ ಪುಸ್ತಕಗಳನ್ನು ಹುಡುಕಿ ತೆಗೆದನು. ಆ ಸಂಜೆಯ ದಾಖಲೆ ಅಲ್ಲಿ ಸಿಕ್ಕಿತು, ದುಂಡಾದ ಅಕ್ಷರಗಳಲ್ಲಿ, ಒಂದೇ ಸಾಲಿನಲ್ಲಿ: ಮಾರ್ಕಿನ ಆಳು, ಅರ್ಧ ದಿನ ಕಡಿತ. ಹೆಸರಿನ ಜಾಗದಲ್ಲಿ ಕೆಲಸದ ಹೆಸರೇ ಇತ್ತು. ಆ ಮನುಷ್ಯನ ನಿಜವಾದ ಹೆಸರನ್ನು ರೈಟರು ಬರೆದಿರಲಿಲ್ಲ, ಪಕ್ಕದಲ್ಲಿ ಕೂತು ರಜೆಗಳನ್ನು ಕಳೆದ ಮಗನೂ ಕೇಳಿರಲಿಲ್ಲ. ಇಪ್ಪತ್ತು ಸುಗ್ಗಿಗಳ ಕಾಲ ಒಂದು ತೋಟದ ಗುರುತನ್ನು ಚೀಲಚೀಲಕ್ಕೂ ತಟ್ಟಿದ, ಅಕ್ಷರವನ್ನು ಕೋಲಾಗಿ ಕಂಡುದರಿಂದಲೇ ಅದರ ಬಲವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನಾಗಿದ್ದ ಆ ಆಳಿಗಾಗಿ ಹಾಳೆಯ ಕೊನೆಯಲ್ಲಿ ಒಂದು ಸಾಲನ್ನು ಸೇರಿಸಲಾಗಿದೆ: ಈ ಗುರುತಿನ ಹೆಸರು ಕವಲುಕೋಲು, ಹಾಗೆಂದು ಮೊದಲು ಕರೆದವನು ಇದನ್ನು ಚೀಲಕ್ಕೆ ಹಾಕುತ್ತಿದ್ದ ಆಳು.